ಕಡಲ ತಳದ ಕಾವು

ಬೆಂಕಿ ಹತ್ತುವ ಮಂಜುಗಡ್ಡೆಯನ್ನು ನಾನು ಮೊದಲು ನೋಡಿದ್ದು ಪ್ರಫುಲ್ಲಾ ತಿಂಗಳಾಯರ ಕೈಯಲ್ಲಿ. ನಾನು, ಹುಡೇದ, ಆಗ ಸಂಸ್ಥೆಗೆ ಹೊಸಬ. ಪ್ರಯೋಗಾಲಯದ ಶೀತಪೆಟ್ಟಿಗೆಯಿಂದ ದಪ್ಪ ಕೈಗವಸು ತೊಟ್ಟು ಅವರು ತೆಗೆದದ್ದು ಕೊಳಕು ಬಿಳಿಯ ಒಂದು ಹೆಂಟೆ. ನಮ್ಮ ರೋಣದ ಸಂತೆಯಲ್ಲಿ ಯಾರಾದರೂ ಅದನ್ನು ಕಲ್ಲುಸಕ್ಕರೆ ಎಂದು ಮಾರಿದ್ದರೆ ನಾನು ಕಣ್ಣು ಮುಚ್ಚಿ ಕೊಂಡು ತರುತ್ತಿದ್ದೆ. ಅವರು ಕಡ್ಡಿ ಗೀರಿ ಹಿಡಿದರು. ಮಂಜುಗಡ್ಡೆ ಉರಿಯತೊಡಗಿತು. ಮೇಲೆ ಬೆಂಕಿ, ಕೆಳಗೆ ಬೆರಳ ಸಂದಿಯಿಂದ ತೊಟ್ಟಿಕ್ಕುವ ತಣ್ಣೀರು. ನಾನು ಹಿಂದಕ್ಕೆ ಸರಿದೆ.

"ಹೆದರ್ಬೇಡಿ ಹುಡೇದರೇ," ಎಂದು ಅವರು ನಕ್ಕರು. "ನೀರಿನ ಹರಳಿನ ಒಳಗೆ ಗ್ಯಾಸು ಸಿಕ್ಕಿಹಾಕಿಕೊಂಡು ಕೂತದ್ದು ಅಷ್ಟೇ. ಕಡಲ ತಳದಲ್ಲಿ ತಂಪುಂಟು, ಮೇಲಿಂದ ನೀರಿನ ಭಾರ ಉಂಟು. ಹಾಗಾಗಿ ಸುಮ್ಮನೆ ಕೂತಿರ್ತದೆ. ಸ್ವಲ್ಪ ಬಿಸಿ ತಾಗಿದ್ರೆ ಹರಳು ಒಡೀತದೆ, ಗ್ಯಾಸು ಹೊರಗೆ."

"ಸ್ವಲ್ಪ ಅಂದ್ರ ಎಷ್ಟ್ರಿ ಮೇಡಂ?"

"ನಿಮ್ಮ ಊರಿನ ಚಳಿಗಾಲದ ಬೆಳಗ್ಗೆ ಎಷ್ಟಿರ್ತದೆ? ಅಷ್ಟು ಸಾಕು."

ಹಾಗೆ ಬಿಡುಗಡೆಯಾಗುವ ಗ್ಯಾಸನ್ನು ಹಿಡಿಯುವುದೇ ನಮ್ಮ ಸಂಸ್ಥೆಯ ಕೆಲಸ. ಮಲ್ಪೆಯಿಂದ ಪಶ್ಚಿಮಕ್ಕೆ, ದಡ ಪೂರ್ತಿ ಮರೆಯಾಗುವಷ್ಟು ದೂರದಲ್ಲಿ, ಕಡಲ ತಳ ಇಳಿಜಾರಾಗುತ್ತದೆ. ಆ ಇಳಿಜಾರಿನ ಕೆಸರಿನೊಳಗೆ ಈ ಮಂಜುಗಡ್ಡೆ ಹಾಸು ಹಾಸಾಗಿ ಬಿದ್ದಿತ್ತು. ಕಡಲ ಮೇಲಿನ ಬೆಚ್ಚನೆಯ ನೀರನ್ನು ಕೊಳವೆಯಲ್ಲಿ ತಳಕ್ಕೆ ಇಳಿಸಿ, ಕೆಸರನ್ನು ಹದವಾಗಿ ಬಿಸಿ ಮಾಡಿ, ಮೇಲೇಳುವ ಗ್ಯಾಸನ್ನು ಹಿಡಿದು ದಡಕ್ಕೆ ಕಳಿಸುತ್ತಿದ್ದೆವು. ಕುಂದಾಪುರದಿಂದ ಉಳ್ಳಾಲದವರೆಗೆ ಮನೆಮನೆಯ ಒಲೆ ಅದರಿಂದಲೇ ಉರಿಯುತ್ತಿತ್ತು. ಸಿಲಿಂಡರ್ ಎಂಬುದನ್ನೇ ಜನ ಮರೆತಿದ್ದರು. ನಾನು ಕಡಲ ವಿಜ್ಞಾನಿಯೇನಲ್ಲ, ಥರ್ಮಾಮೀಟರುಗಳ ಮೇಸ್ತ್ರಿ. ಕೆಸರಿನಲ್ಲಿ ಬೇರೆ ಬೇರೆ ಆಳಕ್ಕೆ ಚುಚ್ಚಿಟ್ಟ ಮಾಪಕಗಳು ಕಳಿಸುವ ಅಂಕಿಗಳನ್ನು ಗುಡ್ಡದ ಮೇಲಿನ ಕಂಟ್ರೋಲ್ ರೂಮಿನಲ್ಲಿ ಕೂತು ನೋಡುವುದು ನನ್ನ ಕೆಲಸ. ಕಡಲೆಂದರೆ ನನಗೆ ಪರದೆಯ ಮೇಲಿನ ಗೆರೆಗಳು. ಅದಕ್ಕಿಂತ ಹತ್ತಿರ ಹೋಗುವ ಆಸೆ ನನಗೆ ಎಂದೂ ಇರಲಿಲ್ಲ.

ಆದರೆ ನನ್ನ ಹಣೆಬರಹ ನೋಡಿ, ಬಾಡಿಗೆಗೆ ಸಿಕ್ಕಿದ್ದು ಪಡುಕರೆಯಲ್ಲಿ, ಕಡಲಿನ ಬಾಯಿಗೇ ಅಂಟಿಕೊಂಡ ಮನೆಯ ಮಹಡಿ. ಪ್ರಫುಲ್ಲಾ ಅವರದೇ ಮನೆ. ಕೆಳಗೆ ಅವರು, ಅವರ ತಾಯಿ ವಾರಿಜಕ್ಕ, ತಮ್ಮ ಯತೀಶ. ಮನೆಯಲ್ಲಿ ತುಳು, ನನ್ನ ಜೊತೆ ಮಾತ್ರ ಕನ್ನಡ. ಯತೀಶ ಮನೆಯ ಬೋಟು 'ಜಲದುರ್ಗಾ'ದ ತಾಂಡೇಲ. ಅಂದರೆ ಚುಕ್ಕಾಣಿ ಅವನದು, ಬಲೆ ಎಲ್ಲಿ ಬಿಡಬೇಕೆಂಬ ತೀರ್ಮಾನವೂ ಅವನದು. ಅಪ್ಪ ತೀರಿಕೊಂಡ ಮೇಲೆ ಅವನನ್ನು ಎತ್ತಿ ಬೆಳೆಸಿದವರು ಅಕ್ಕನೇ. ಮೀನು ತಿನ್ನದ ನನಗಾಗಿ ವಾರಿಜಕ್ಕ ಬೇರೆ ಪಾತ್ರೆ ಇಟ್ಟಿದ್ದರು. ಯತೀಶನಿಗೆ ಅದೇ ತಮಾಷೆ.

"ಹುಡೇದರೇ, ಆ ಬದನೆಕಾಯಿ ಬೆಂದದ್ದು ಕಡಲ ಗ್ಯಾಸಿನಲ್ಲಿ. ಅರ್ಧ ಮೀನೇ ಅದು, ತಿನ್ನಿ," ಎನ್ನುತ್ತಿದ್ದ.

ಅಡುಗೆಮನೆಯ ಕಿಟಕಿಯ ಮೇಲೆ ಒಂದು ವೈರ್‌ಲೆಸ್ ಪೆಟ್ಟಿಗೆ ಇತ್ತು. ಗ್ಯಾಸು ಹಿಡಿಯಲು ಕಡಲ ನಡುವೆ ಕಟ್ಟಿದ ನಮ್ಮ ಗ್ಯಾಸ್ ಕಟ್ಟೆಯ ಮೇಲೆ ಎತ್ತರದ ಕಂಬ ನಿಂತ ಮೇಲೆ, ಆಳ ಕಡಲಿನ ಬೋಟುಗಳ ಮಾತು ದಡದ ಮನೆಗಳಿಗೂ ಕೇಳುತ್ತಿತ್ತು, ಗುಂಡಿ ಒತ್ತಿ ಮಾತಾಡಿದರೆ ಮನೆಯವರ ಮಾತೂ ಬೋಟುಗಳಿಗೆ ಮುಟ್ಟುತ್ತಿತ್ತು. ವಾರಿಜಕ್ಕ ಅದನ್ನು ಬೆಳಗಿನಿಂದ ಸಂಜೆಯವರೆಗೆ ಹಚ್ಚಿಟ್ಟು, ಸಾರು ಕುದಿಸುತ್ತ, ಒಬ್ಬರೇ ನಗುತ್ತಿದ್ದರು. ಏನು ನಗು ಎಂದು ಒಮ್ಮೆ ಕೇಳಿದೆ.

"ಸುಳ್ಳು ಕೇಳಿ ನಗುದು ಮಾರಾಯ್ರೆ. ಈಗ ಬಾಬು ಸಾಲ್ಯಾನ ಎಂತ ಹೇಳಿದ ಗೊತ್ತುಂಟಾ? 'ಇಲ್ಲಿ ಎಂತದೂ ಇಲ್ಲ, ಬರೀ ಲೋಳೆ ಮೀನು, ಈ ಕಡೆ ಬರ್ಲೇಬೇಡಿ' ಅಂತ. ಹಾಗಾದ್ರೆ ಅಲ್ಲಿ ಬಂಗುಡೆ ಮೀನು ರಾಶಿ ಬಿದ್ದಿದೆ ಅಂತ ಅರ್ಥ. ನೋಡಿ, ಈಗ ಎಲ್ಲ ಬೋಟು ಅಲ್ಲಿಗೇ ಓಡ್ತದೆ."

"ಮತ್ತ ಮೀನ ಅದಾವ, ಬರ್ರಿ ಅಂತ ಯಾರರ ಕರದ್ರ?"

ಊಟಕ್ಕೆ ಕೂತಿದ್ದ ಯತೀಶ ಬಿದ್ದು ಬಿದ್ದು ನಕ್ಕ. "ಹಾಗೆ ಕರೆದವ ಈ ಕರಾವಳಿಯಲ್ಲಿ ಹುಟ್ಟಿಲ್ಲ. ಕರೆದ್ರೆ ನಾವು ಬಲೆ ಎತ್ತಿಕೊಂಡು ದೂರ ಹೋಗ್ತೇವೆ. ಏನೋ ಮೋಸ ಉಂಟು ಅಂತ."

ಎಲ್ಲರೂ ಸುಳ್ಳು ಹೇಳುವ, ಎಲ್ಲರೂ ಅದನ್ನು ತಿರುವಿ ಕೇಳುವ ಇಂಥ ವ್ಯವಸ್ಥೆ ಸರ್ಕಾರಿ ಕಚೇರಿಯಲ್ಲೂ ಇಷ್ಟು ಚೊಕ್ಕವಾಗಿ ನಡೆಯುವುದಿಲ್ಲ ಎಂದುಕೊಂಡೆ.

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಗೆರೆಗಳು ವಕ್ರವಾಗತೊಡಗಿದವು. ಕೆಸರಿನ ಮೇಲ್ಪದರ ಮಾತ್ರ ಬಿಸಿಯಾಗಬೇಕಿತ್ತು. ಆದರೆ ಕಾವು ನಿಧಾನವಾಗಿ ಕೆಳಗಿಳಿದು, ಮಂಜುಗಡ್ಡೆಯ ಹಾಸಿನ ಬುಡಕ್ಕೆ ಹೋಗುತ್ತಿತ್ತು. ಪ್ರಫುಲ್ಲಾ ಸಂಸ್ಥೆಯ ನಿರ್ದೇಶಕರ ಜೊತೆ ಜಗಳವಾಡಿ ಬಿಸಿನೀರಿನ ಪಂಪನ್ನು ನಿಲ್ಲಿಸಿದರು. ಪಂಪು ನಿಂತರೂ ಕಾವು ನಿಲ್ಲಲಿಲ್ಲ. ಕೆಸರಿಗೆ ಒಮ್ಮೆ ಹೊಕ್ಕ ಬಿಸಿ ತನ್ನ ಪಾಡಿಗೆ ತಾನು ಇಳಿಯುತ್ತಲೇ ಇತ್ತು. ಮೇಲೆ ನಾವು ಸ್ವಿಚ್ಚು ಆರಿಸಿದ್ದು ಅದಕ್ಕೇನು ಗೊತ್ತು?

ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ಗೆರೆಗಳೆಲ್ಲ ನೇರವಾದವು. ಏರಿಕೆ ಇಲ್ಲ, ಇಳಿಕೆ ಇಲ್ಲ. ಎಲ್ಲ ಆಳದಲ್ಲೂ ಅಂಕಿ ಅಲುಗಾಡದೆ ನಿಂತಿತು. ನಿರ್ದೇಶಕರು ಲಾಡು ತರಿಸಿದರು. ನಾನೂ ಒಂದು ತಿಂದು ಇನ್ನೊಂದಕ್ಕೆ ಕೈ ಹಾಕಿದೆ. ಪ್ರಫುಲ್ಲಾ ಮಾತ್ರ ಪರದೆಯ ಮುಂದೆ ಕೂತವರು ಕೂತೇ ಇದ್ದರು.

"ಕಾವು ನಿಂತೈತ್ರಿ ಮೇಡಂ. ಯಾಕ ಮಾರಿ ಸಣ್ಣ ಮಾಡೀರಿ?"

"ಕೆಳಗಿಂದ ಭೂಮಿಯ ಬಿಸಿ ಬರ್ತಾನೇ ಉಂಟು. ಮೇಲಿಂದ ನಾವು ಹಾಕಿದ್ದು ಇಳೀತಾನೇ ಉಂಟು. ಮತ್ತೆ ಅಂಕಿ ಹೇಗೆ ನಿಲ್ತದೆ?" ಅವರು ನನ್ನ ಕಡೆ ತಿರುಗಿದರು. "ಯತಿಯ ಬೋಟಿನಲ್ಲಿ ಮೀನಿನ ಮೇಲೆ ಐಸು ಹಾಕ್ತಾರಲ್ಲ, ಅದು ಕರಗುವಷ್ಟು ಹೊತ್ತು ಪೆಟ್ಟಿಗೆ ತಂಪೇ ಇರ್ತದೆ. ಬಂದ ಬಿಸಿಯನ್ನೆಲ್ಲ ಐಸು ಕುಡೀತದೆ. ಕೊನೆಯ ಚೂರು ಕರಗಿತಾ, ಮೀನು ಒಮ್ಮೆಲೇ ಹಾಳು. ಈ ಗೆರೆ ನೇರ ನಿಂತದ್ದು ಎಲ್ಲ ಸರಿಯಾಗಿದೆ ಅಂತ ಅಲ್ಲ ಹುಡೇದರೇ. ಕೆಳಗೆ ಕರಗ್ತಾ ಉಂಟು."

ನನ್ನ ಕೈಯಲ್ಲಿದ್ದ ಎರಡನೆಯ ಲಾಡನ್ನು ತಿನ್ನಲಾಗಲಿಲ್ಲ.

ಅವರು ನನಗೆ ಕಡಲ ತಳದ ಮೈಕಿನ ದನಿ ಕೇಳಿಸಿದರು. ಮೊದಲು ಅಲ್ಲಿ ದಪ್ಪನೆಯ ಮೌನವಿರುತ್ತಿತ್ತು. ಈಗ ಯಾರೋ ಮುಚ್ಚಳ ಹಾಕಿ ಅನ್ನಕ್ಕಿಟ್ಟಿದ್ದಾರೆ ಎನ್ನುವಂಥ ಗುಳುಗುಳು. ನೀರಿನ ಅಷ್ಟು ಕೆಳಗೆ, ಕತ್ತಲಲ್ಲಿ, ಯಾರೂ ಇಲ್ಲದ ಕಡೆ. ಕೇಳುತ್ತ ಕೂತರೆ ಬೆನ್ನ ಹಿಂದೆ ಯಾರೋ ನಿಂತಂತೆ ಅನ್ನಿಸಿ, ಹಗಲು ಹೊತ್ತಿನಲ್ಲೇ ನಾನು ತಿರುಗಿ ನೋಡಿದೆ.

ಮನೆಯಲ್ಲೂ ಅದರ ಸುಳಿವು ಬಂತು. ಒಂದು ಮುಂಜಾನೆ ವಾರಿಜಕ್ಕ ನನ್ನನ್ನು ಅಡುಗೆಮನೆಗೆ ಕರೆದರು. ಒಲೆಯ ನೀಲಿ ಜ್ವಾಲೆ ತಾನಾಗಿ ಎದ್ದು ಪಾತ್ರೆಯ ಸುತ್ತ ಹಬ್ಬುತ್ತಿತ್ತು, ಮತ್ತೆ ತಾನಾಗಿ ಕುಗ್ಗಿ ಮಣಿಯಷ್ಟಾಗುತ್ತಿತ್ತು. ತಿರುಪಿಗೆ ಯಾರೂ ಕೈ ಹಚ್ಚಿರಲಿಲ್ಲ.

"ಪಂಪು ನಿಲ್ಲಿಸಿದ್ದೇವೆ ಅಂತ ಹೇಳ್ತಾಳೆ ಪ್ರಫುಲ್ಲ. ಮತ್ತೆ ಈ ಗ್ಯಾಸು ಎಲ್ಲಿಂದ ಬರುದು?" ಎಂದು ಕೇಳಿದರು. ದನಿ ತಗ್ಗಿತ್ತು. "ಇದು ಉಸಿರಾಡುದು ನೋಡಿ. ಮಲಗಿದವರ ಹಾಗೆ."

ಅಕ್ಕಪಕ್ಕದ ಮನೆಗಳಲ್ಲೂ ಹಾಗೆಯೇ. ಜನ ಏನು ಮಾಡಿಯಾರು? ಒಲೆಯ ಮುಂದೆ ಒಬ್ಬರನ್ನು ಕಾವಲು ಕೂರಿಸಿ ಅಡುಗೆ ಮಾಡುವುದನ್ನು ಕಲಿತರು. ಜ್ವಾಲೆ ಎದ್ದಾಗ ದೋಸೆ, ಕುಗ್ಗಿದಾಗ ಹಾಲು. ವಾರ ಕಳೆಯುವಷ್ಟರಲ್ಲಿ ಅದೂ ರೂಢಿಯಾಯಿತು. ನನಗೆ ಜ್ವಾಲೆಗಿಂತ ಆ ರೂಢಿಯೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಪ್ರಫುಲ್ಲಾ ಬೋಟಿನವರಿಗೆ ಬಹಿರಂಗವಾಗಿ ಹೇಳಿಬಿಡೋಣ ಎಂದರು. ಜನ ಗಾಬರಿಯಾಗುತ್ತಾರೆ ಎಂದು ನಿರ್ದೇಶಕರು ತಡೆದರು. ಗ್ಯಾಸ್ ಕಟ್ಟೆಯ ಕೆಲಸಗಾರರನ್ನು ಮಾತ್ರ ಸದ್ದಿಲ್ಲದೆ ದಡಕ್ಕೆ ಕರೆಸಿಕೊಂಡರು. ಕಟ್ಟೆಯ ಕ್ಯಾಮೆರಾಗಳು, ಕಂಬ, ದೀಪಗಳು ಮಾತ್ರ ಯಾರಿಗೋ ಕಾದಂತೆ ಅಲ್ಲಿ ಉಳಿದವು. ಆ ಸಂಜೆ ಪ್ರಫುಲ್ಲಾ ಗಾಜಿನ ತೊಟ್ಟಿಯಲ್ಲಿ ಆಟದ ದೋಣಿ ತೇಲಿಬಿಟ್ಟು, ತಳದಿಂದ ಗಾಳಿಯ ಗುಳ್ಳೆ ಹರಿಸಿದರು. ನೀರು ಬೆಳ್ಳಗಾಯಿತು. ದೋಣಿ ಮಗುಚಲಿಲ್ಲ, ಓಲಾಡಲಿಲ್ಲ. ನಿಂತ ಹಾಗೆಯೇ ಕೆಳಗೆ ಹೋಯಿತು. ಗುಳ್ಳೆ ತುಂಬಿದ ನೀರಿಗೆ ಹೊರುವ ಶಕ್ತಿ ಇರುವುದಿಲ್ಲ ಎಂದು ಅವರು ಹೇಳುವ ಅಗತ್ಯವೇ ಇರಲಿಲ್ಲ.

ಮನೆಗೆ ಬಂದವರೇ, ತಾಯಿಯ ಕಿವಿಗೆ ಬೀಳದ ಹಾಗೆ, ತಮ್ಮನನ್ನು ಹಿಡಿದು ಕೂರಿಸಿದರು. "ಯತೀ, ಕಟ್ಟೆಯ ಕಡೆ ಹೋಗ್ಬೇಡ. ಬೇರೆ ಯಾರಿಗೂ ಹೇಳ್ಲಿಕ್ಕೆ ನಂಗೆ ಅಧಿಕಾರ ಇಲ್ಲ, ನಿಂಗೆ ಹೇಳ್ತಿದ್ದೇನೆ."

ಅವನು ಅಕ್ಕನ ಮುಖ ನೋಡಿ ತಮಾಷೆ ಬಿಟ್ಟ. "ಆಯ್ತಕ್ಕ. ನೀನು ಹೇಳುವವರೆಗೆ ಆ ಕಡೆ ತಲೆ ಹಾಕುದಿಲ್ಲ," ಎಂದ. ಮರುದಿನ ಐಸು, ಡೀಸೆಲು ತುಂಬಿಸಿಕೊಂಡು ಏಳು ಜನರೊಂದಿಗೆ ಆಳ ಕಡಲಿಗೆ ಹೊರಟ.

ಜನವರಿಯ ಆ ದಿನ ಗಾಳಿಯೇ ಇರಲಿಲ್ಲ. ತಿಂಡಿ ಮುಗಿಸಿ ಬಂದು ಕೂತಿದ್ದೆ. ಎಲ್ಲಕ್ಕಿಂತ ಆಳದ ಮಾಪಕದ ಗೆರೆ ಚಂಗನೆ ಮೇಲೆ ಹಾರಿತು. ನಾನು ಯಂತ್ರ ಕೆಟ್ಟಿತೆಂದೇ ತಿಳಿದೆ. ಅಷ್ಟರಲ್ಲಿ ಅದರ ಮೇಲಿನದು ಹಾರಿತು, ಅದರ ಮೇಲಿನದೂ. ಕಡಲ ತಳದಲ್ಲಿ ಯಾರೋ ಮೆಟ್ಟಿಲು ಹತ್ತಿ ಬರುತ್ತಿದ್ದಾರೆ ಎನ್ನಿಸಿತು. ಮೈಕಿನ ಗುಳುಗುಳು ಜೋರಾಗಿ, ಒರಟಾಗಿ, ಕೊನೆಗೆ ಒಂದೇ ಸಮನೆ ಭೋರ್ಗರೆತವಾಯಿತು.

"ಮುಗೀತು. ಐಸು ಮುಗೀತು," ಎಂದರು ಪ್ರಫುಲ್ಲಾ.

ಕಟ್ಟೆಯ ಕ್ಯಾಮೆರಾದಲ್ಲಿ ಕಡಲು ಕಾಣುತ್ತಿತ್ತು. ಬಿಸಿಲು ಚೆನ್ನಾಗಿತ್ತು. ನೀಲಿ ನೀರಿನ ನಡುವೆ ಒಂದು ಬಿಳಿ ಮಚ್ಚೆ ಎದ್ದು, ಅಗಲವಾಗುತ್ತ, ಕುದಿಯತೊಡಗಿತು. ಅಲೆ ಇಲ್ಲ, ಗಾಳಿ ಇಲ್ಲ, ನೀರು ಮಾತ್ರ ಕುದಿಯುತ್ತಿದೆ. ಒಂದು ಹಕ್ಕಿಯೂ ಅತ್ತ ಹಾರುತ್ತಿರಲಿಲ್ಲ.

ಇನ್ನೊಂದು ಪರದೆಯಲ್ಲಿ ಬೋಟುಗಳು ಹಸಿರು ಚುಕ್ಕೆಗಳಾಗಿ ಹರಡಿದ್ದವು. ಸುತ್ತಮುತ್ತ ಮೂವತ್ತಕ್ಕೂ ಹೆಚ್ಚು. ನಿರ್ದೇಶಕರು ಈಗ ಎಚ್ಚರಿಕೆ ಕೊಡಿಸಿದರು. ಮುದ್ರಿಸಿಟ್ಟ ಗಂಡುದನಿ ಎಲ್ಲ ಬೋಟುಗಳಿಗೂ ಹೇಳತೊಡಗಿತು: "ಕಟ್ಟೆಯ ಬಳಿ ಬಿಳಿ ನೀರು ಕಂಡಲ್ಲಿಗೆ ಯಾರೂ ಬರಬಾರದು. ದೂರ ಹೋಗಿ. ಅಲ್ಲಿ ಅಪಾಯವಿದೆ."

ಚುಕ್ಕೆಗಳು ಒಂದು ಗಳಿಗೆ ನಿಂತವು. ಆಮೇಲೆ ಒಂದೊಂದಾಗಿ ತಿರುಗಿದವು. ಬಿಳಿ ನೀರಿನ ಕಡೆಗೆ.

"ಹುಚ್ಚ ಹಿಡದೈತೇನ್ರಿ ಇವರಿಗೆ?" ಎಂದು ನಾನು ಕೂಗಿದೆ.

"ಬರ್ಬೇಡಿ ಅಂತ ಹೇಳಿದ್ದಾರಲ್ಲ," ಎಂದರು ಪ್ರಫುಲ್ಲಾ. ಮುಖ ಬಿಳಿಚಿತ್ತು. "ಬಿಳಿ ನೀರು ಅಂತ ಬೇರೆ ಹೇಳಿದ್ದಾರೆ. ಬಂಗುಡೆ ಹಿಂಡು ಎದ್ದಾಗಲೂ ನೀರು ಹಾಗೇ ಬೆಳ್ಳಗೆ ಕುದಿಯುದು. ಕಂಪನಿಯವರು ಮೀನು ಅಡಗಿಸಿ ಇಡ್ತಿದ್ದಾರೆ ಅಂತ ತಿಳಿದಿದ್ದಾರೆ ಹುಡೇದರೇ."

ಒಂದು ಚುಕ್ಕೆ ಮಾತ್ರ ಅಲುಗಾಡಲಿಲ್ಲ. ಉತ್ತರಕ್ಕೆ, ತುಸು ದೂರದಲ್ಲಿ ನಿಂತಿತ್ತು. ನಾನು ಹೆಸರು ಓದಿದೆ. ಜಲದುರ್ಗಾ. ಕೊಟ್ಟ ಮಾತು ಉಳಿಸಿಕೊಂಡಿದ್ದಾನಲ್ಲ ಎಂದು ನನ್ನ ಜೀವಕ್ಕೆ ಸಮಾಧಾನವಾಯಿತು.

ಪ್ರಫುಲ್ಲಾ ಎದ್ದು ಮುದ್ರಿತ ದನಿಯನ್ನು ಆರಿಸಿದರು. ನಿರ್ದೇಶಕರು ಏನೋ ಅನ್ನುವುದರೊಳಗೆ ಮೈಕ್ ಹಿಡಿದಿದ್ದರು. ತುಳುವಿನಲ್ಲಿ ಮಾತಾಡಿದರು, ಅಷ್ಟು ತುಳು ನನಗೆ ಆಗ ಬರುತ್ತಿತ್ತು.

"ಪಡುಕರೆಯ ವಾರಿಜಕ್ಕನ ಮಗಳು ಮಾತಾಡುದು. ಬಿಳಿ ನೀರಿನಲ್ಲಿ ಬಂಗುಡೆ ರಾಶಿ ರಾಶಿ ಉಂಟು. ಎಲ್ಲರೂ ಬನ್ನಿ. ಬೇಗ ಬನ್ನಿ, ಎಲ್ಲರಿಗೂ ಸಾಕಾಗುವಷ್ಟು ಉಂಟು."

ವೈರ್‌ಲೆಸ್ಸಿನಲ್ಲಿ ಗರಗರ ಸದ್ದು. ಆಮೇಲೆ ಯಾರೋ ಕಿಸಕ್ಕನೆ ನಕ್ಕರು. "ಎಲ್ಲರಿಗೂ ಸಾಕಾಗುವಷ್ಟಂತೆ! ಏನೋ ಸಿಕ್ಕಿಸಿ ಹಾಕ್ಲಿಕ್ಕೆ ಕರೀತಿದ್ದಾರೆ ಮಾರಾಯ, ತಿರುಗಿಸು ಬೋಟು." ಬಿಳಿ ನೀರಿಗೆ ತೀರ ಹತ್ತಿರವಿದ್ದ ಚುಕ್ಕೆ ನಿಂತಿತು. ತಿರುಗಿತು. ಅದರ ಹಿಂದಿನದು, ಅದರ ಪಕ್ಕದ್ದು, ಎಲ್ಲ ತಿರುಗಿದವು. ನಾನು ಮೇಜು ಗುದ್ದಿ ಕುಣಿದೆ. ನಿರ್ದೇಶಕರು ಕಣ್ಣೊರೆಸಿಕೊಂಡರು.

ಪ್ರಫುಲ್ಲಾ ನನ್ನ ತೋಳು ಹಿಡಿದರು. ಉಗುರು ಚರ್ಮಕ್ಕೆ ಇಳಿಯಿತು. ಉತ್ತರದ ಚುಕ್ಕೆ ಚಲಿಸುತ್ತಿತ್ತು. ನೇರ ಬಿಳಿ ನೀರಿಗೆ.

"ಅಕ್ಕಾ, ನಾನು ಯತಿ," ಎಂದಿತು ಕಂಟ್ರೋಲ್ ರೂಮಿನ ಪೆಟ್ಟಿಗೆ. ಖುಷಿಯ ದನಿ. "ಪೆದ್ದುಗಳು, ಎಲ್ಲ ಓಡಿಹೋದ್ರು. ತಾಂಡೇಲ ತಾಂಡೇಲನಿಗೆ ಸುಳ್ಳು ಹೇಳ್ತಾನೆ. ಅಕ್ಕ ತಮ್ಮನಿಗೆ ಹೇಳ್ತಾಳಾ? ನೀನು ಹೇಳುವವರೆಗೆ ಬರುದಿಲ್ಲ ಅಂದಿದ್ದೆ. ಈಗ ಹೇಳಿದಿಯಲ್ಲ, ಬಂದೆ."

ಪ್ರಫುಲ್ಲಾ ಗುಂಡಿ ಒತ್ತಿದರು. ಬಾಯಿ ತೆರೆದರು. ಮತ್ತೆ ಗುಂಡಿ ಬಿಟ್ಟರು. ಬರಬೇಡ ಎಂದು ಒಂದು ಮಾತು ಅಂದರೆ ಸಾಕು, ಆ ಮೂವತ್ತು ಬೋಟುಗಳೂ ಕೇಳುತ್ತವೆ, ಮತ್ತೆ ಇತ್ತಲೇ ತಿರುಗುತ್ತವೆ. ಬೇರೆ ಚಾನೆಲ್ಲಿಗೆ ಬಾ ಎಂದರೂ ಎಲ್ಲರೂ ಕಿವಿ ಇಟ್ಟುಕೊಂಡು ಹಿಂದೆಯೇ ಬರುತ್ತಾರೆ. ಒಂದು ಕಡೆ ಊರಿನ ಗಂಡಸರೆಲ್ಲ, ಇನ್ನೊಂದು ಕಡೆ ಈ ಒಬ್ಬ. ದೇವರೇ, ಇಂಥ ಇಕ್ಕಟ್ಟು ನನ್ನ ವೈರಿಗೂ ಬೇಡ.

ಆಮೇಲೆ ಅವರಿಗೆ ಏನೋ ಹೊಳೆಯಿತು. "ಯತೀ, ಅಮ್ಮನಿಗೆ ಹುಷಾರಿಲ್ಲ," ಎಂದರು. ದನಿ ನಡುಗುತ್ತಿತ್ತು, ಅದಕ್ಕೇ ನಿಜವೆನಿಸಿತು. "ಬಿದ್ದಿದ್ದಾಳೆ. ಆಸ್ಪತ್ರೆಗೆ ಒಯ್ದಿದ್ದಾರೆ. ಬಲೆ, ಮೀನು ಎಲ್ಲ ಬಿಟ್ಟು ಈಗಲೇ ದಡಕ್ಕೆ ತಿರುಗು."

"ಅಯ್ಯೋ! ಎಂತಾಯ್ತು ಅಮ್ಮನಿಗೆ?"

ಚುಕ್ಕೆಯ ವೇಗ ತಗ್ಗಿತು. ಮೂತಿ ದಡದ ಕಡೆ ಹೊರಳತೊಡಗಿತು.

ಆಗ ಪೆಟ್ಟಿಗೆಯಲ್ಲಿ ಇನ್ನೊಂದು ದನಿ ಬಂತು. ಅದರ ಹಿಂದೆ ಒಗ್ಗರಣೆಯ ಸದ್ದೂ ಇತ್ತು.

"ನಂಗೆ ಎಂತಾಗಿದೆ? ನಾನು ಗಟ್ಟಿ ಇದ್ದೇನೆ ಮಗಾ. ಇವಳಿಗೆ ಯಾರೋ ಏನೋ ಸುಳ್ಳು ಹೇಳಿದ್ದಾರೆ. ನೀನು ಗಾಬರಿಯಾಗಬೇಡ. ಮೀನು ಹಿಡಿದೇ ಬಾ."

"ಅಮ್ಮಾ!" ಎಂದು ಕಿರುಚಿದರು ಪ್ರಫುಲ್ಲಾ. ಕೈ ಗುಂಡಿಯ ಮೇಲಿರಲಿಲ್ಲ. ಆ ಕೂಗು ಕೇಳಿದ್ದು ಕೊಠಡಿಯಲ್ಲಿದ್ದ ನಮಗೆ ಮಾತ್ರ.

"ಹಾಗಾದ್ರೆ ಸರಿ," ಎಂದು ಯತೀಶ ನಕ್ಕ. ಚುಕ್ಕೆ ಮತ್ತೆ ತಿರುಗಿ ಓಡಿತು. ಬಿಳಿಯ ಅಂಚು ದಾಟಿತು.

ಈಗ ಪ್ರಫುಲ್ಲಾ ಯಾವುದನ್ನೂ ಲೆಕ್ಕಿಸಲಿಲ್ಲ. "ತಿರುಗು ಯತೀ, ಅಲ್ಲಿ ಮೀನಿಲ್ಲ, ಗ್ಯಾಸು!" ಎಂದು ಕೂಗಿದರು, ಅಮ್ಮನ ಮೇಲೆ ಆಣೆ ಇಟ್ಟರು. ಅವನ ಉತ್ತರ ಬರಲು ತುಸು ತಡವಾಯಿತು. ಬಂದಾಗ ಅದರಲ್ಲಿ ಹೆದರಿಕೆಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು.

"ಅಕ್ಕಾ... ನೀರು ಮೆತ್ತಗುಂಟು. ಬೋಟಿನ ಅಡಿಯ ಫ್ಯಾನು ತಿರುಗ್ತದೆ, ಬೋಟು ಮುಂದೆ ಹೋಗುದಿಲ್ಲ. ಸುತ್ತ ನೀರು ಮೇಲೆ ಬರ್ತಾ ಉಂಟು."

ಆಮೇಲೆ ಕೂಗಿಲ್ಲ, ಸದ್ದಿಲ್ಲ. ಕ್ಯಾಮೆರಾದಲ್ಲಿ ನಾವು ನೋಡಿದೆವು. ಬೋಟು ನಿಂತ ಹಾಗೆಯೇ ಕೆಳಗಿಳಿಯಿತು. ಕೊನೆಗೆ ಅದರ ಕೇಸರಿ ಬಾವುಟ ಒಂದು ನಿಮಿಷ ಬಿಳಿಯ ಮೇಲೆ ಕಂಡು ಮರೆಯಾಯಿತು. ಪ್ರಫುಲ್ಲಾ ಅವರ ಕೂಗು ಕೇಳಿ ಎರಡು ಮೂರು ಬೋಟುಗಳು ಮತ್ತೆ ತಿರುಗಿದ್ದವು. ಅವೂ ದೂರದಿಂದ ಅದನ್ನು ಕಂಡಿರಬೇಕು, ಹಾಗೇ ನಿಂತುಬಿಟ್ಟವು. ಮಧ್ಯಾಹ್ನದ ಮೇಲೆ ಇಳಿಜಾರಿನ ಕೆಸರು ಜಾರಿ ನಮ್ಮ ಕಟ್ಟೆಯೂ, ಕಂಬವೂ ಹೋದವು. ಅಲ್ಲಿಗೆ ನನ್ನ ಗೆರೆಗಳೂ ನಿಂತವು.

ನಾವು ಪಡುಕರೆಗೆ ಬಂದಾಗ ಅಂಗಳದ ತುಂಬ ಜನ. ತಿರುಗಿ ಬಂದ ಬೋಟುಗಳ ತಾಂಡೇಲರು ಪ್ರಫುಲ್ಲಾ ಅವರಿಗೆ ಕೈ ಮುಗಿದು ದಾರಿ ಬಿಟ್ಟರು. ವಾರಿಜಕ್ಕ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತಿದ್ದರು. ಅತ್ತು ಮುಗಿದಿತ್ತೋ ಇನ್ನೂ ಶುರುವಾಗಿರಲಿಲ್ಲವೋ ತಿಳಿಯಲಿಲ್ಲ.

"ನಾನು ಸುಮ್ಮನೆ ಇರ್ಬೇಕಿತ್ತಲ್ವಾ?" ಎಂದು ಮಗಳನ್ನು ಕೇಳಿದರು. "ಅವ ತಿರುಗಿದ್ದ. ಅಲ್ವಾ? ನಾನು ಮಾತಾಡಿದ್ದಕ್ಕೆ ಮತ್ತೆ ಹೋದ."

ಪ್ರಫುಲ್ಲಾ ತಾಯಿಯ ಎದುರು ಕೂತು ಅವರ ಎರಡೂ ಕೈ ಹಿಡಿದುಕೊಂಡರು. "ಇಲ್ಲಮ್ಮ. ಅವ ತಿರುಗಲೇ ಇಲ್ಲ. ನೀನು ಮಾತಾಡುವ ಮೊದಲೇ ಕಂಬ ಬಿದ್ದಿತ್ತು. ನಿನ್ನ ಮಾತು ಅವನಿಗೆ ಕೇಳಲೇ ಇಲ್ಲ. ನಾನು ಕರೆದದ್ದಕ್ಕೆ ಹೋದದ್ದು ಅವ."

ವಾರಿಜಕ್ಕ ತಲೆ ಎತ್ತಿ ನನ್ನನ್ನು ನೋಡಿದರು. "ಹೌದಾ ಹುಡೇದರೇ?"

ನಾನೂ ಅವರ ಎದುರು ಕೂತೆ. "ಹೌದ್ರಿ ಅಮ್ಮಾ," ಎಂದೆ. "ಕಂಬ ಆಗಲೇ ಬಿದ್ದಿತ್ರಿ. ನಿಮ್ಮ ಮಾತು ಯಾರಿಗೂ ಮುಟ್ಟಿಲ್ಲ."

ಅವರು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಗಂಡನ, ಮಗನ, ಊರವರೆಲ್ಲರ ಸುಳ್ಳುಗಳನ್ನು ಕೇಳುತ್ತಲೇ ತಲೆ ನರೆತ ಹೆಂಗಸು ಅವರು. ಯಾವ ಮಾತನ್ನು ಹೇಗೆ ಕೇಳಬೇಕೆಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮಗಳ ಕೈಯಿಂದ ತಮ್ಮ ಕೈ ಬಿಡಿಸಿಕೊಂಡು, ಆ ಕೈಯನ್ನು ಅವಳ ತಲೆಯ ಮೇಲಿಟ್ಟರು.

"ಹಾಗಾದ್ರೆ ಆಯ್ತು," ಎಂದರು. "ಮಧ್ಯಾಹ್ನ ಇಬ್ಬರೂ ಉಂಡಿಲ್ಲ. ಕೂತ್ಕೊಳ್ಳಿ, ಬಡಿಸ್ತೇನೆ."